ನೀಲಿ ನೀರಿನ ಕನ್ನಡಕ ಹಾಕಿಕೊಂಡು ಆಂಬೋಲಿ ಘಾಟ್ ಇಳಿದೆ

ಗಾಡಿ ಹತ್ತಿದರೆ ಹೊಟ್ಟೆ ತೊಳಸಿ ವಾಂತಿ ಬರುತ್ತದಲ್ಲ, ಪುಣೆಯಲ್ಲಿ ಅದಕ್ಕೆ ‘ಗಾಡಿ ಲಾಗತೆ’ ಅನ್ನುತ್ತಾರೆ. ಗಾಡಿ ತಾಗುತ್ತದೆ, ದೃಷ್ಟಿ ತಾಗಿದ ಹಾಗೆ. ನಾವು ಧಾರವಾಡದ ಕಡೆಯವರು ‘ಬಸ್ ಆಗಿ ಬರಂಗಿಲ್ಲ’ ಅಂತೀವಿ. ಹದಿನಾರು ವರ್ಷ ಇಲ್ಲಿದ್ದ ಮೇಲೆ ನನಗೆ ಮರಾಠಿ ಮಾತೇ ಜಾಸ್ತಿ ಸರಿ ಅನಿಸುತ್ತದೆ. ಯಾಕೆಂದರೆ ನನಗೆ ಬಸ್ ಒಂದೇ ಅಲ್ಲ, ಕಾರು, ಕ್ಯಾಬಿನ ಹಿಂದಿನ ಸೀಟು, ದೋಣಿ, ಜಾತ್ರೆಯ ತೊಟ್ಟಿಲು, ಎಲ್ಲವೂ ತಾಗಿವೆ. ಮಗಳಿಗೂ ಇದೇ ಬಳುವಳಿ ಹೋಗಿದೆ. ಅವಳಿಗೆ ಈಗ 11 ವರ್ಷ. ವಾಯಿಯಿಂದ ಪಂಚಗಣಿಗೆ ಹತ್ತುವ ಪಸರಣಿ ಘಾಟಿನಲ್ಲಿ ಅವಳಿಗಾಗಿ ನಾವು ಗಾಡಿ ನಿಲ್ಲಿಸದ ತಿರುವೇ ಇಲ್ಲವೇನೋ.

ಈ ಸಲ ದೀಪಾವಳಿ ರಜೆಗೆ ಗೋವಾಕ್ಕೆ ಹೋಗಬೇಕಿತ್ತು. ವಾಸ್ಕೋದಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಕಾರಿನಲ್ಲಿ ಹೋಗುವುದು, ಬರುವಾಗ ಧಾರವಾಡ ಹಾದು ಅತ್ತೆಯವರನ್ನು ಅಲ್ಲಿ ಬಿಟ್ಟು ಪುಣೆ ಸೇರುವುದು ಅಂತ ಮಾತಾಯಿತು. ಅಂದರೆ ಹೋಗುವಾಗ ಆಂಬೋಲಿ ಘಾಟ್, ಬರುವಾಗ ಚೋರ್ಲಾ ಘಾಟ್. ಈ ಎರಡು ಹೆಸರು ಕೇಳಿದರೆ ನಮ್ಮ ಮನೆಯವರಿಗೆ ಖುಷಿ. ಅವರು ಸ್ಟೇರಿಂಗ್ ಹಿಡಿಯುವವರು, ಅವರಿಗೇನು.

ಹೊರಡಲು ಎರಡು ವಾರ ಇದ್ದಾಗ ಫೋನಿನಲ್ಲಿ, ಗಾಡಿ ತಾಗದಂತೆ ತಡೆಯುವ ಆ ಕನ್ನಡಕದ ಜಾಹೀರಾತು ಬಂತು. ನೀವೂ ನೋಡಿರುತ್ತೀರಿ. ಬಿಳಿ ಪ್ಲಾಸ್ಟಿಕ್ ಫ್ರೇಮು, ಗಾಜೇ ಇಲ್ಲ. ಮುಂದೆ ಎರಡು ಬಳೆ, ಪಕ್ಕಕ್ಕೆ ಎರಡು ಬಳೆ. ಆ ನಾಲ್ಕೂ ಬಳೆ ಟೊಳ್ಳು, ಒಳಗೆ ಅರ್ಧದಷ್ಟು ನೀಲಿ ನೀರು. ಒಂದಕ್ಕೆ 649 ರೂಪಾಯಿ, ಎರಡಕ್ಕೆ 1,150. ನಾನು ಎರಡು ತರಿಸಿದೆ. ಅದರ ಜೊತೆ ‘ನಿಮಗೆ ಇದೂ ಬೇಕಾಗಬಹುದು’ ಅಂತ ತೋರಿಸಿದ ಮಣಿಕಟ್ಟಿನ ಪಟ್ಟಿಯನ್ನೂ ತರಿಸಿದೆ, ಜೋಡಿಗೆ 199. ಬೇಕಾಗಬಹುದು ಅಂದರೆ ಬೇಕು ಅಂತಲೇ ಅರ್ಥ ಮಾಡಿಕೊಳ್ಳುವ ಜಾತಿ ನನ್ನದು.

ಈ ಕನ್ನಡಕದ ಮೂಲ ಫ್ರಾನ್ಸಿನದು. ಬೋರ್ಡಿಂಗ್ ರಿಂಗ್ ಅನ್ನುವ ಕಂಪನಿಯ ಉಪಾಯ. 2018ರಲ್ಲಿ ಸಿಟ್ರೊಯೆನ್ ಕಾರಿನವರು ಅದನ್ನೇ ಸೀಟ್ರೊಯೆನ್ ಅನ್ನುವ ಹೆಸರಿನಲ್ಲಿ 99 ಯೂರೋಗೆ ಮಾರಿದರು. ನನ್ನ ಕೈಗೆ ಬಂದದ್ದು ಅದಲ್ಲ, ಅದರ ತಮ್ಮನೂ ಅಲ್ಲ, ಹೆಸರಿಲ್ಲದ ನಕಲು. ಹಾಗಾಗಿ ನಾನು ಬೈಯುವುದೆಲ್ಲ ಈ ನಕಲಿಗೆ, ಅಸಲಿಗೆ ಅಲ್ಲ. ಅಸಲಿಯನ್ನು ನಾನು ಮುಟ್ಟಿಯೂ ನೋಡಿಲ್ಲ.

ಉಪಾಯ ಮಾತ್ರ ಬಲು ಚೆನ್ನಾಗಿದೆ, ಅದನ್ನು ಒಪ್ಪಬೇಕು. ಗಾಡಿ ಯಾಕೆ ತಾಗುತ್ತದೆ ಅಂದರೆ ಕಿವಿಗೂ ಕಣ್ಣಿಗೂ ಜಗಳ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ, ಪಕ್ಕದಲ್ಲೇ ಸಣ್ಣ ಸುಣ್ಣದ ಹರಳುಗಳಿವೆ. ತಲೆ ತಿರುಗಿದರೆ, ವಾಲಿದರೆ, ಮುಂದಕ್ಕೆ ನೂಕಿದರೆ ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದರೆ ಕಣ್ಣು ‘ಎಲ್ಲ ನಿಂತಲ್ಲೇ ಇದೆ’ ಅನ್ನುತ್ತದೆ, ಕಿವಿ ‘ಇಲ್ಲಪ್ಪ, ಎಡಕ್ಕೆ ಎಳೀತಾ ಇದೆ’ ಅನ್ನುತ್ತದೆ. ಇಬ್ಬರಲ್ಲಿ ಯಾರನ್ನು ನಂಬಬೇಕು ಅಂತ ತಿಳಿಯದೆ ಮೆದುಳು ಆ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳುತ್ತದೆ. ಒಳಕಿವಿಯ ಈ ಭಾಗ ಪೂರ್ತಿ ಕೆಲಸ ಮಾಡದವರಿಗೆ ಗಾಡಿ ತಾಗುವುದೇ ಇಲ್ಲವಂತೆ, ಎಂಥ ಸಮುದ್ರದಲ್ಲೂ. ಜಗಳಕ್ಕೆ ಎರಡು ಕಡೆಯವರು ಬೇಕಲ್ವಾ.

ಕನ್ನಡಕ ಈ ಜಗಳವನ್ನು ಬಿಡಿಸಲು ಬರುತ್ತದೆ. ಗಾಡಿ ವಾಲಿದಾಗ ನೀಲಿ ನೀರು ಬಳೆಯೊಳಗೆ ಸರಿಯುತ್ತದೆ. ನೀವು ಪುಸ್ತಕ ನೋಡಿ, ಫೋನ್ ನೋಡಿ, ಕಣ್ಣಿನ ಅಂಚಿಗೆ ಆ ನೀಲಿ ಗೆರೆ ಕಾಣುತ್ತಲೇ ಇರುತ್ತದೆ. ಆಗ ಕಣ್ಣು ಕೂಡ ‘ಹೌದು, ವಾಲುತ್ತಿದ್ದೇವೆ’ ಅಂತ ಒಪ್ಪುತ್ತದೆ. ಹೊಟ್ಟೆ ತೊಳಸಲು ಶುರುವಾದ ಕೂಡಲೇ ಹಾಕಿಕೊಳ್ಳಬೇಕು, ಹತ್ತು ಹನ್ನೆರಡು ನಿಮಿಷ ಕದಲದ ಒಂದು ವಸ್ತುವನ್ನು ನೋಡುತ್ತಾ ಕೂರಬೇಕು, ಆಮೇಲೆ ತೆಗೆಯಬಹುದು. ಹತ್ತು ವರ್ಷ ದಾಟಿದ ಮಕ್ಕಳಿಗೆ ಮಾತ್ರ ಅಂತ ಅಸಲಿ ಕನ್ನಡಕದವರ ಮಾತು. ನನ್ನ ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ. ಒಂದು ಹಾಯಿದೋಣಿಯ ಚಿತ್ರ ಇತ್ತು, ಅಷ್ಟೇ.

ಹೊರಟದ್ದು ಬೆಳಗಿನ ಐದಕ್ಕೆ. ಈ ಸಲ ಮಾತ್ರೆ ಬೇಡ, ಕನ್ನಡಕ ಮತ್ತು ಪಟ್ಟಿ ಎರಡನ್ನೇ ಪರೀಕ್ಷೆ ಮಾಡೋಣ ಅಂತ ನಾನೇ ತೀರ್ಮಾನ ಮಾಡಿದ್ದೆ. ದಡ್ಡತನ, ಒಪ್ಪುತ್ತೇನೆ. ಖಂಬಾಟಕಿ ಘಾಟ್ ಬರುವ ಹೊತ್ತಿಗೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ನಾನೂ ಮಗಳೂ ಹಿಂದೆ, ಅತ್ತೆಯವರು ಮುಂದೆ. ಮಂಡಿ ನೋವು ಅಂತ ಮುಂದಿನ ಸೀಟು ಯಾವಾಗಲೂ ಅವರಿಗೇ. ಅವರು ಒಮ್ಮೆ ಹಿಂದೆ ತಿರುಗಿ ನೋಡಿದರು.

‘ಏನವಾ ಇದು, ಸರ್ಕಸ್‌ನ್ಯಾಗ ಸೇರ್ಕೊಂಡ್ರೇನು ಇಬ್ರೂ?’

ಅವರಿಗೆ 74. ಜೀವನದಲ್ಲಿ ಒಂದು ಸಲವೂ ಗಾಡಿಯಲ್ಲಿ ವಾಂತಿ ಮಾಡಿದವರಲ್ಲ. ಎರಡರಿಂದ ಹನ್ನೆರಡರ ನಡುವಿನ ಮಕ್ಕಳಿಗೆ ಇದು ಎಲ್ಲರಿಗಿಂತ ಜಾಸ್ತಿ, ವಯಸ್ಸಾದ ಹಾಗೆ ಕಡಿಮೆ ಆಗುತ್ತಾ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಮೈಗ್ರೇನ್ ಇರುವವರಿಗೆ ಇನ್ನೂ ಜಾಸ್ತಿ. ನನಗೆ ಎರಡೂ ಕೂಡಿ ಬಂದಿವೆ. ಅತ್ತೆಯವರ ಮದ್ದು ಏನು ಗೊತ್ತಾ? ಪೇಪರ್ ಹಾಸಿ ಅದರ ಮೇಲೆ ಕೂರುವುದು. ಅವರ ಪ್ರಕಾರ ನಮಗೆ ಅದು ಕೆಲಸ ಮಾಡದೆ ಇರಲು ಕಾರಣ ನಾವು ಮನೆಗೆ ತರಿಸುವುದು ಮರಾಠಿ ಪೇಪರ್. ‘ನಿಪ್ಪಾಣಿ ಬಂದ ಮ್ಯಾಲೆ ಕನ್ನಡ ಪೇಪರ್ ತಗೊಂಡು ಹಾಸ್ಕೋ, ನೋಡು ಬೇಕಾದ್ರ.’

ಖಂಬಾಟಕಿಯಲ್ಲಿ ಕನ್ನಡಕ ಪಾಸಾಯಿತು. ಅಥವಾ ಬೆಳಗಿನ ತಣ್ಣನೆ ಗಾಳಿ, ಖಾಲಿ ಹೊಟ್ಟೆ ಪಾಸು ಮಾಡಿಸಿದವು. ಹೇಳುವುದು ಕಷ್ಟ. ಸಾತಾರಾ ದಾಟಿದ ಮೇಲೆ ಮನೆಯವರು ನಿದ್ದೆ ಬರುತ್ತಿದೆ ಅಂದರು, ಕರಾಡ್‌ವರೆಗೆ ನಾನು ಓಡಿಸಿದೆ. ಒಂದು ಚೂರೂ ತೊಳಸಲಿಲ್ಲ. ಇದು ಪ್ರತಿ ಸಲ ಹೀಗೇ. ಓಡಿಸುವವರಿಗೆ ಮುಂದಿನ ತಿರುವು ಮೊದಲೇ ಗೊತ್ತಿರುತ್ತದೆ, ಮೈ ತಾನೇ ತಯಾರಾಗುತ್ತದೆ. ಹಾಗಾದರೆ ಘಾಟಿನಲ್ಲೂ ನೀನೇ ಓಡಿಸು ಅಂತ ಮನೆಯವರು ಯಾವತ್ತೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ, ಸಂಸಾರ ಹೀಗೆ ಚೆನ್ನಾಗಿ ನಡೆದಿದೆ.

ನಿಪ್ಪಾಣಿಯಲ್ಲಿ ಇಡ್ಲಿ ತಿಂದೆವು. ಎರಡೇ ಎರಡು. ಖಾಲಿ ಹೊಟ್ಟೆಯೂ ಆಗಲ್ಲ, ತುಂಬಿದ ಹೊಟ್ಟೆಯೂ ಆಗಲ್ಲ, ಎಣ್ಣೆ ತಿಂಡಿ ಅಂತೂ ಬೇಡವೇ ಬೇಡ. ಅಲ್ಲಿ ಚಹಾದ ಅಂಗಡಿಯವನು ಕನ್ನಡದಲ್ಲಿ ‘ಏನ್ ಬೇಕ್ರೀ’ ಅಂದಾಗ ನನಗೆ ಪ್ರತಿ ಸಲ ಅರ್ಧ ತವರಿಗೆ ಬಂದ ಹಾಗೆ ಆಗುತ್ತದೆ. ಅಲ್ಲೇ ಮಗಳು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟಳು. ಎತ್ತಿದಾಗ ಮೇಜಿನ ಮೇಲೆ ಒಂದು ಸಣ್ಣ ನೀಲಿ ಚುಕ್ಕೆ. ಬೆರಳಿನಿಂದ ಒರೆಸಿದೆ. ಇನ್ನೊಂದು ಚುಕ್ಕೆ. ಎಡಗಡೆಯ ಬಳೆ ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಕಾರು ಹತ್ತುವಷ್ಟರಲ್ಲಿ ಅವಳ ಬಿಳಿ ಕುರ್ತಾದ ಮೇಲೆ ನೀಲಿ ಹನಿಗಳ ಸಾಲು ಬಿದ್ದಿತ್ತು. ಅದು ಈಗಲೂ ಹೋಗಿಲ್ಲ, ನಿಂಬೆಹಣ್ಣು ಹಚ್ಚಿ ಉಜ್ಜಿದ್ದೂ ಆಯಿತು.

ನಿಪ್ಪಾಣಿಯಲ್ಲಿ ಹೆದ್ದಾರಿ ಬಿಟ್ಟು ಆಜರಾ ಮೇಲೆ ಆಂಬೋಲಿ. ದಾರಿ ಚೆಂದ. ಚೆಂದ ಅಂತ ನಮ್ಮ ಮನೆಯವರು ಹೇಳಿದ್ದು, ನಾನು ನೋಡಿದ್ದು ಮುಂದಿನ ಸೀಟಿನ ಹಿಂಭಾಗ ಮತ್ತು ನೀಲಿ ಬಳೆ. ಇಳಿಜಾರು ಶುರುವಾಯಿತು. ಇಲ್ಲಿ ನಾನು ಒಂದು ಕಂಡುಕೊಂಡೆ. ಬಳೆಯ ನೀರು ಸದಾ ಸಮತಟ್ಟಾಗಿ ಇರುತ್ತದೆ, ಕಣ್ಣಿಗೆ ದಿಗಂತ ತೋರಿಸುತ್ತದೆ ಅಂತ ಜಾಹೀರಾತಿನಲ್ಲಿ ಹೇಳುತ್ತಾರೆ. ನಿಜ ಹೇಳಬೇಕೆಂದರೆ ತಿರುವಿನಲ್ಲಿ ಅದು ಸಮತಟ್ಟಾಗಿ ಇರುವುದಿಲ್ಲ. ಕಾರು ಎಡಕ್ಕೆ ತಿರುಗಿದರೆ ನೀರು ಬಲಕ್ಕೆ ಏರುತ್ತದೆ, ಬಸ್ಸಿನಲ್ಲಿ ಕೈಯಲ್ಲಿ ಹಿಡಿದ ಚಹಾದ ಲೋಟದಲ್ಲಿ ಏರುವ ಹಾಗೆ. ಮೊದಲು ಇದು ಮೋಸ ಅನಿಸಿತು. ಆಮೇಲೆ ಯೋಚಿಸಿದರೆ ಮೋಸ ಅಲ್ಲ. ನನ್ನ ಕಿವಿಯೊಳಗಿನ ನೀರಿಗೂ ಅದೇ ತಾನೇ ಆಗುತ್ತಿರುವುದು? ಕಿವಿಗೆ ಏನು ಅನಿಸುತ್ತದೋ ಅದನ್ನೇ ಬಳೆ ಕಣ್ಣಿಗೆ ತೋರಿಸುತ್ತಿದೆ. ಇಷ್ಟು ಹೊಳೆದಾಗ ನನಗೆ ನಿಜಕ್ಕೂ ಖುಷಿಯಾಯಿತು. ಖುಷಿ ನಾಲ್ಕು ತಿರುವು ಇತ್ತು.

ಐದನೇ ತಿರುವಿಗೆ ಬಾಯಲ್ಲಿ ನೀರು ಬಂತು. ಗಾಡಿ ತಾಗುವವರಿಗೆ ಈ ನೀರು ಅಂದರೆ ಏನು ಅಂತ ಗೊತ್ತು. ಮೊದಲು ಆಕಳಿಕೆ, ಆಮೇಲೆ ತಣ್ಣನೆ ಬೆವರು, ಆಮೇಲೆ ಬಾಯಲ್ಲಿ ಈ ತೆಳು ನೀರು. ಇದು ಬಂದ ಮೇಲೆ ಉಳಿಯುವುದು ಎರಡೇ ನಿಮಿಷ. ಕನ್ನಡಕದ ಫ್ರೇಮು ಬೆವರಿಗೆ ಮೂಗಿನ ಮೇಲೆ ಜಾರುತ್ತಿತ್ತು, ಪ್ರತಿ ಸಲ ಮೇಲೆ ತಳ್ಳಬೇಕು. ಜಾರಿದರೆ ನೀಲಿ ಗೆರೆ ಕಣ್ಣಿನ ಅಂಚು ಬಿಟ್ಟು ಕೆನ್ನೆಗೆ ಇಳಿಯುತ್ತದೆ, ಆಮೇಲೆ ಅದರಿಂದ ಏನು ಪ್ರಯೋಜನ. ಸಾಲದ್ದಕ್ಕೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ನೇರ ಮೂಗಿನ ಮೇಲೆ. ವಾಂತಿ ತಡೆಯಲು ತಂದ ವಸ್ತುವಿನ ವಾಸನೆಗೇ ವಾಂತಿ ಬರುವುದು ಅಂದರೆ ಇದೇ. ‘ರೀ, ನಿಲ್ಲಿಸಿ’ ಅಂದೆ. ನಿಲ್ಲಿಸಿದರು. ನಾನು ಒಂದು ಕಡೆ ಬಾಗಿಲಿನಿಂದ, ಮಗಳು ಇನ್ನೊಂದು ಕಡೆ ಬಾಗಿಲಿನಿಂದ. ಅತ್ತೆಯವರು ಮುಂದೆ ಕೂತು ಚುರುಮುರಿ ಚೂಡಾ ತಿನ್ನುತ್ತಾ ‘ಪೇಪರ್ ಹಾಸ್ಕೋ ಅಂದ್ನಿ, ಕೇಳಲಿಲ್ಲ’ ಅಂದರು.

ಮಣಿಕಟ್ಟಿನ ಪಟ್ಟಿಯ ಕಥೆ ಚಿಕ್ಕದು. ಬಟ್ಟೆಯ ಪಟ್ಟಿ, ಒಳಗಡೆ ಒಂದು ಪ್ಲಾಸ್ಟಿಕ್ ಗುಂಡಿ. ಕೈಯ ಒಳಭಾಗದಲ್ಲಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಕೆಳಗೆ, ಎರಡು ಸ್ನಾಯು ಹುರಿಗಳು ಎದ್ದು ಕಾಣುತ್ತವಲ್ಲ, ಅವುಗಳ ನಡುವೆ ಆ ಗುಂಡಿ ಒತ್ತಬೇಕು. ಚೀನಾದ ಒತ್ತುಮದ್ದಿನಲ್ಲಿ ಆ ಜಾಗಕ್ಕೆ ನೆಯ್‌ಗ್ವಾನ್ ಅನ್ನುತ್ತಾರೆ. ಇದರ ಮೇಲೆ ನಡೆದ ಪರೀಕ್ಷೆಗಳಲ್ಲಿ ಕೆಲವು ಹೌದು ಅನ್ನುತ್ತವೆ, ಕೆಲವು ನಂಬಿಕೆಯಷ್ಟೇ ಅನ್ನುತ್ತವೆ. ನನ್ನದು ಎರಡು ಗಂಟೆಯಲ್ಲಿ ಸಡಿಲಾಗಿ ಗುಂಡಿ ಎಲುಬಿನ ಕಡೆ ಜಾರಿತು. ರೂಪಾಯಿ ನಾಣ್ಯದಷ್ಟು ಕೆಂಪು ಗುರುತು ಬಿತ್ತು. ಮಗಳು ಈಗ ಅದನ್ನು ಜುಟ್ಟಿಗೆ ಕಟ್ಟುತ್ತಾಳೆ, ಅದಕ್ಕೆ ಸರಿಯಾಗಿ ನಿಲ್ಲುತ್ತದೆ.

ವಾಸ್ಕೋ ತಲುಪಿದಾಗ ಸಂಜೆ. ದೊಡ್ಡಮ್ಮ ಬಾಗಿಲಲ್ಲೇ ನನ್ನ ಮುಖ ನೋಡಿ ‘ಏನ್ ಬಿಳಚಿಕೊಂಡೀಯವಾ’ ಅಂದು ನಿಂಬೆ ಶರಬತ್ತು ಕೊಟ್ಟರು. ಮರುದಿನವೇ ಪಣಜಿಯಿಂದ ಡಾಲ್ಫಿನ್ ನೋಡಲು ದೋಣಿಯಲ್ಲಿ ಹೋಗುವ ಕಾರ್ಯಕ್ರಮ ಹಾಕಿದ್ದರು. ಮಗಳಿಗೆ ಡಾಲ್ಫಿನ್ ಬೇಕೇ ಬೇಕು, ಹೊಟ್ಟೆಗೆ ಬೇಡವೇ ಬೇಡ. ಮಾತ್ರೆ ತರೋಣ ಅಂತ ಔಷಧಿ ಅಂಗಡಿಗೆ ಹೋದೆ. ವಾಸ್ಕೋದಲ್ಲಿ ಉತ್ತರ ಕರ್ನಾಟಕದವರು ಎಷ್ಟಿದ್ದಾರೆ ಅಂತ ನಿಮಗೆ ಗೊತ್ತಿರಬಹುದು. ಕೌಂಟರಿನ ಹಿಂದೆ ಇದ್ದ ಹುಡುಗ ನನ್ನ ಮುರುಕು ಕೊಂಕಣಿ ಎರಡು ವಾಕ್ಯ ಕೇಳಿಸಿಕೊಂಡು ‘ಕನ್ನಡದಾಗ ಹೇಳ್ರೀ ಅಕ್ಕಾರ’ ಅಂದ. ಬಾಗಲಕೋಟೆಯ ಕಡೆಯವನು.

ಈ ಹುಡುಗನಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಯಾಕೆ ಅಂತ ಹೇಳಲು ಒಂದು ಹಳೆಯ ಕಥೆ ಹೇಳಬೇಕು. ಹೋದ ವರ್ಷ ಮಹಾಬಳೇಶ್ವರಕ್ಕೆ ಹೋಗುವಾಗ ಪುಣೆಯ ಒಂದು ಅಂಗಡಿಯಲ್ಲಿ ‘ಗಾಡಿ ಲಾಗತೆ, ಗೋಳಿ ದ್ಯಾ’ ಅಂದಿದ್ದೆ. ಬಾಯಲ್ಲಿ ಕರಗುವ ಮಾತ್ರೆ ಕೊಟ್ಟರು. ಕರಗಿತು, ನಾವೂ ಕರಗಿದೆವು, ಪಸರಣಿ ಘಾಟಿನಲ್ಲಿ. ಆಮೇಲೆ ಮಾತ್ರೆಯ ಪಟ್ಟಿಯ ಹಿಂದೆ ನೋಡಿದರೆ ಒಂಡಾನ್‌ಸೆಟ್ರಾನ್. ಅದು ಹೊಟ್ಟೆ ಕೆಟ್ಟಾಗ, ಕೀಮೊ ತೆಗೆದುಕೊಂಡಾಗ ಬರುವ ವಾಂತಿಗೆ ಒಳ್ಳೆಯ ಔಷಧಿ. ಗಾಡಿಯ ವಾಂತಿಯ ದಾರಿಯೇ ಬೇರೆ. ಅಲ್ಲಿ ಗಲಾಟೆ ಶುರುವಾಗುವುದು ಕಿವಿಯಲ್ಲಿ, ಹೊಟ್ಟೆಯಲ್ಲಿ ಅಲ್ಲ. ಎಲ್ಲ ವಾಂತಿಗೂ ಒಂದೇ ಮಾತ್ರೆ ಅಂತ ನಾನೂ ತಿಳಿದಿದ್ದೆ.

ಬಾಗಲಕೋಟೆಯ ಹುಡುಗ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿದ. ಯಾರಿಗೆ, ವಯಸ್ಸೆಷ್ಟು, ಗಾಡಿ ನೀವು ಓಡಿಸ್ತೀರೇನು, ಗ್ಲೂಕೋಮಾ ಗೀಕೋಮಾ ಏನರ ಐತೇನು. ಬಸುರಿ ಅಲ್ಲ ತಾನೇ ಅನ್ನುವುದನ್ನು ಸ್ವಲ್ಪ ಸಂಕೋಚದಲ್ಲೇ ಕೇಳಿದ, ಪಾಪ. ಆಮೇಲೆ ಆವೋಮಿನ್ ತೆಗೆದ. ನಮ್ಮ ಅಪ್ಪನ ಕಾಲದ ಮಾತ್ರೆ, ಪ್ರೊಮೆಥಜಿನ್, 25 ಮಿಲಿಗ್ರಾಂ. ‘ಇದು ನಂಗ ಗೊತ್ತು, ಮೊದ್ಲು ತಗೊಂಡೀನಿ, ಏನೂ ಆಗಲಿಲ್ಲ’ ಅಂದೆ.

‘ಯಾವಾಗ ತಗೊಂಡಿದ್ರಿ?’

‘ಹೊಟ್ಟಿ ತೊಳಸಾಕತ್ತ ಮ್ಯಾಲೆ.’

ಅವನು ನಕ್ಕ. ‘ಕಳ್ಳ ಒಳಗ ಹೊಕ್ಕ ಮ್ಯಾಲೆ ಬಾಗಲಾ ಹಾಕಿದಂಗಾತು ನೋಡ್ರಿ ಅದು.’

ನಿಜ. ಹೊಟ್ಟೆ ತೊಳಸಲು ಶುರುವಾದರೆ ಜಠರ ತನ್ನ ಕೆಲಸ ನಿಧಾನ ಮಾಡಿಬಿಡುತ್ತದೆ. ನುಂಗಿದ ಮಾತ್ರೆ ಅಲ್ಲೇ ಕೂತಿರುತ್ತದೆ, ಮುಂದೆ ಹೋಗಿ ರಕ್ತಕ್ಕೆ ಸೇರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಇಡ್ಲಿಯ ಜೊತೆ ಆಚೆ ಬರುತ್ತದೆ. ಹೊರಡುವ ಒಂದೂವರೆ ಎರಡು ಗಂಟೆ ಮೊದಲೇ ನುಂಗಬೇಕು, ಉದ್ದ ಪ್ರಯಾಣವಾದರೆ ಹಿಂದಿನ ರಾತ್ರಿ. ಇಷ್ಟು ವರ್ಷ ನಾನು ಘಾಟಿನ ಬೋರ್ಡು ನೋಡಿ ಮಾತ್ರೆ ನುಂಗುತ್ತಿದ್ದೆ. ಬೋರ್ಡು ಕಂಡ ಮೇಲೆ ಮಾತ್ರೆಗೆ ಸಿಗುವುದು ಹತ್ತು ನಿಮಿಷ, ಅದಕ್ಕೆ ಬೇಕಾದದ್ದು ಎರಡು ಗಂಟೆ. ನಲವತ್ತು ಹತ್ತಿರ ಬಂದ ಮೇಲೆ, ಪುಣೆಯಲ್ಲಿ ಅಷ್ಟು ದೊಡ್ಡ ದೊಡ್ಡ ಆಸ್ಪತ್ರೆ ನೋಡಿಯೂ, ಇದು ನನಗೆ ತಿಳಿದದ್ದು ವಾಸ್ಕೋದ ಒಂದು ಕೌಂಟರಿನಲ್ಲಿ.

ಮಗಳಿಗೆ ಎಷ್ಟು ಅನ್ನುವುದನ್ನು ಅವನು ಹೇಳಲಿಲ್ಲ, ಮಕ್ಕಳ ಡಾಕ್ಟರನ್ನು ಕೇಳಿ ಅಂದ. ಪುಣೆಯ ನಮ್ಮ ಡಾಕ್ಟರಿಗೆ ಫೋನ್ ಮಾಡಿ ತೂಕ ಹೇಳಿದೆ, ಅವರು ಪ್ರಮಾಣ ಹೇಳಿದರು. ನೀವೂ ಹಾಗೇ ಮಾಡಿ, ನನ್ನ ಮಗಳ ಲೆಕ್ಕ ನಿಮ್ಮ ಮಗುವಿಗೆ ಆಗುವುದಿಲ್ಲ. ಎರಡು ವರ್ಷದ ಒಳಗಿನ ಕೂಸಿಗೆ ಈ ಔಷಧಿ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆ ಆಗಬಹುದು. ಅಷ್ಟು ಚಿಕ್ಕ ಕೂಸಿಗೆ ಹೇಗೂ ಗಾಡಿ ತಾಗುವುದು ಅಪರೂಪ. ಇನ್ನೊಂದು, ನೆಗಡಿಗೆ ತಂದಿಟ್ಟ ಸಿಟ್ರಿಜಿನ್ ಮನೆಯಲ್ಲಿದೆ, ಅದೂ ಅಲರ್ಜಿ ಮಾತ್ರೆಯೇ ಅಲ್ವಾ ಅಂತ ಅದನ್ನು ನುಂಗಬೇಡಿ. ನಿದ್ದೆ ಬರಿಸದ ಹೊಸ ಅಲರ್ಜಿ ಮಾತ್ರೆಗಳು ಇದಕ್ಕೆ ಕೆಲಸ ಮಾಡುವುದಿಲ್ಲ. ಹಳೆಯ, ನಿದ್ದೆ ಬರಿಸುವ ಜಾತಿಯೇ ಬೇಕು.

ದೋಣಿಯಲ್ಲಿ ಪರೀಕ್ಷೆ ಆಯಿತು. ದೋಣಿ ಓಡುವಾಗ ಏನೂ ಅನಿಸುವುದಿಲ್ಲ. ಡಾಲ್ಫಿನ್ ಕಂಡಿತು ಅಂತ ಎಂಜಿನ್ ನಿಲ್ಲಿಸುತ್ತಾರಲ್ಲ, ಆಗ ಅಸಲಿ ಪೀಡೆ. ದೋಣಿ ನಿಂತಲ್ಲೇ ಮೆಲ್ಲಗೆ ಈ ಕಡೆ ಆ ಕಡೆ ತೂಗುತ್ತದೆ. ಹೊಟ್ಟೆಗೆ ಎಲ್ಲಕ್ಕಿಂತ ಕೆಟ್ಟದ್ದು ಜೋರಾದ ಕುಲುಕಾಟ ಅಲ್ಲ, ಐದು ಸೆಕೆಂಡಿಗೆ ಒಂದು ಸಲ ಬರುವಂಥ ಈ ನಿಧಾನದ ಓಲಾಟ. ಆವತ್ತು ನನಗೆ ಒಂದು ಹಳೆಯ ಒಗಟು ಬಿಡಿಸಿತು. ಎಸ್‌ಟಿಯ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಸಾರಿಗೆಯ ಕೆಂಪು ಬಸ್ಸು, ಇಲ್ಲಿ ಎಲ್ಲರೂ ಲಾಲ್ ಪರಿ ಅನ್ನುವುದು, ಅದರಲ್ಲಿ ಹಲ್ಲು ಕಟಕಟ ಅನ್ನುವಷ್ಟು ಕುಲುಕಿದರೂ ನನಗೆ ಅಷ್ಟಾಗಿ ತಾಗುವುದಿಲ್ಲ. ಮೆತ್ತನೆ ತೇಲುವ ದುಬಾರಿ ಏಸಿ ಸ್ಲೀಪರಿನಲ್ಲಿ ಸಾತಾರಾ ಬರುವ ಮೊದಲೇ ಕವರ್ ಹುಡುಕುತ್ತೇನೆ. ಬಡವರ ಹೊಟ್ಟೆ ಅಂತ ಮನೆಯವರು ತಮಾಷೆ ಮಾಡುತ್ತಿದ್ದರು. ಹೊಟ್ಟೆಯದಲ್ಲ, ಸಸ್ಪೆನ್ಶನ್ನಿನದು.

ಆ ದಿನ ಡಾಲ್ಫಿನ್ ಎರಡು ಸಲ ಬೆನ್ನು ತೋರಿಸಿತು. ಪಕ್ಕದ ಕುಟುಂಬದ ಒಬ್ಬ ಗಟ್ಟಿಮುಟ್ಟಾದ ಹುಡುಗ ಕಟಾಂಜನ ಹಿಡಿದು ಸಮುದ್ರಕ್ಕೆ ತಿಂಡಿ ಹಾಕುತ್ತಿದ್ದ. ನಾನು ಮತ್ತು ಮಗಳು ನೆಟ್ಟಗೆ ನಿಂತಿದ್ದೆವು. ನನ್ನ ಜೀವನದಲ್ಲಿ ಇದು ಮೊದಲ ಸಲ, ದೋಣಿಯಲ್ಲಿ ಬೇರೆಯವರಿಗೆ ನೀರಿನ ಬಾಟಲಿ ಕೊಟ್ಟದ್ದು. ಬೀಗಲು ಹೋಗಬಾರದು, ದೊಡ್ಡಮ್ಮನ ಮನೆಗೆ ಬಂದು ಸೋಫಾದಲ್ಲಿ ಕೂತವಳು ಸಂಜೆ ಆರಕ್ಕೆ ಎದ್ದೆ. ಬಾಯಿ ಒಣಗಿ ಅಟ್ಟೆಯಾಗಿತ್ತು. ಈ ಮಾತ್ರೆಯ ಬೆಲೆ ರೂಪಾಯಿಯಲ್ಲಿ ಅಲ್ಲ, ನಿದ್ದೆಯಲ್ಲಿ ಕೊಡಬೇಕು. ಮೀಟಿಂಗ್‌ಗೆ ಅಂತ ಮುಂಬೈಗೆ ಹೋಗುವವರು ಇದನ್ನು ನುಂಗಿ ಹೋದರೆ ಮೀಟಿಂಗ್‌ನಲ್ಲಿ ಗೊರಕೆ ಹೊಡೆಯುತ್ತೀರಿ. ಓಡಿಸುವವರು ಮುಟ್ಟಲೇಬಾರದು. ಕುಡಿಯುವ ಅಭ್ಯಾಸ ಇದ್ದರೆ ಆ ದಿನ ಎರಡರಲ್ಲಿ ಒಂದು, ಗೋವಾ ಆದರೂ ಅಷ್ಟೇ.

ಅದಕ್ಕೇ ಸಣ್ಣ ಪ್ರಯಾಣಕ್ಕೆ ನಾನು ಮಾತ್ರೆಗೆ ಹೋಗುವುದಿಲ್ಲ. ಪುಣೆಯಿಂದ ಲೋಣಾವಳಕ್ಕೆ ಅಂದರೆ ಆಲೇಪಾಕ ಸಾಕು. ಹಸಿ ಶುಂಠಿ ಮತ್ತು ಸಕ್ಕರೆಯ ಈ ವಡಿ ಇಲ್ಲಿ ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತದೆ, ನಮ್ಮ ಕಡೆಯೂ ಇದೆ. ಶುಂಠಿಗೆ ಓಕರಿಕೆ ತಡೆಯುವ ಗುಣ ಇದೆ ಅನ್ನಲು ಸ್ವಲ್ಪ ಆಧಾರವೂ ಇದೆ, ಸುಮ್ನೆ ಅಜ್ಜಿ ಮದ್ದಲ್ಲ. ಆದರೆ ಕೊಳ್ಳುವಾಗ ಮುರಿದು ನೋಡಿ. ಒಳಗೆ ಶುಂಠಿಯ ನಾರು ಕಾಣಬೇಕು, ನಾಲಿಗೆ ಚುರ್ ಅನ್ನಬೇಕು. ನಾರಿಲ್ಲದೆ ಬೆಳ್ಳಗೆ ಪುಡಿಯಾದರೆ ಅದು ಬರೀ ಸಕ್ಕರೆ, ತಿಂದರೆ ಇನ್ನೂ ತೊಳಸುತ್ತದೆ. ಮಗಳಿಗೆ ಅದು ಖಾರ, ಅವಳಿಗೆ ಹುಣಸೆ ಚಿಗಳಿ. ಚಿಗಳಿಯಿಂದ ಏನಾಗುತ್ತದೋ ಗೊತ್ತಿಲ್ಲ, ಬಾಯಿ ಮುಚ್ಚಿಕೊಂಡು ಕೂರುತ್ತಾಳೆ.

ಫೋನಿನ ಒಂದು ಉಪಾಯವನ್ನೂ ಹೇಳಿಬಿಡುತ್ತೇನೆ. 2024ರಲ್ಲಿ ಬಂದ ಐಒಎಸ್ 18ರಿಂದ ಐಫೋನಿನಲ್ಲಿ ವೆಹಿಕಲ್ ಮೋಷನ್ ಕ್ಯೂಸ್ ಅನ್ನುವುದಿದೆ. ಚಾಲೂ ಮಾಡಿದರೆ ಪರದೆಯ ಅಂಚಿನಲ್ಲಿ ಚುಕ್ಕೆಗಳು ಬಂದು ಕಾರು ಓಲಾಡಿದ ಹಾಗೆ ಓಲಾಡುತ್ತವೆ. ನೀಲಿ ಬಳೆಯದೇ ಬುದ್ಧಿ, ನೀಲಿ ನೀರು ಸೋರುವುದಿಲ್ಲ ಅಷ್ಟೇ. ಮಗಳು ಅಪ್ಪನ ಫೋನಿನಲ್ಲಿ ಹೆದ್ದಾರಿಯ ಮೇಲೆ ನೋಡಿದಳು, ತೊಂದರೆ ಆಗಲಿಲ್ಲ. ಘಾಟಿನಲ್ಲಿ ನಾನು ಫೋನ್ ಕಿತ್ತಿಟ್ಟೆ. ಅಷ್ಟು ಧೈರ್ಯ ನನಗಿಲ್ಲ.

ಚೋರ್ಲಾದ ದಿನ ಬೆಳಗ್ಗೆ ಏಳಕ್ಕೆ ಮಾತ್ರೆ, ಒಂಬತ್ತಕ್ಕೆ ಹೊರಟದ್ದು. ಅತ್ತೆಯವರ ಹತ್ತಿರ ಮೆಲ್ಲಗೆ ಕೇಳಿಕೊಂಡು ಮುಂದಿನ ಸೀಟನ್ನು ಘಾಟು ಮುಗಿಯುವವರೆಗೆ ನಾನು ಪಡೆದೆ. ‘ಕೂಡ್ರವಾ, ನನಗ್ಯಾಕ ಮುಂದಿನ ಸೀಟು, ನಾ ಏನ್ ಗಾಡಿ ಹೊಡೀತೀನೇನು’ ಅಂದರು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಕೇಳುತ್ತಿದ್ದೆ. ಕನ್ನಡಿಗೆ ನೇತು ಹಾಕಿದ್ದ ಮಲ್ಲಿಗೆ ಸೆಂಟಿನ ಡಬ್ಬಿಯನ್ನು ಕಿತ್ತು ಡಿಕ್ಕಿಯಲ್ಲಿ ಹಾಕಿದೆ. ಕಿಟಕಿ ಎರಡು ಬೆರಳು ಇಳಿಸಿದೆ. ಕಣ್ಣು ದೂರದ ರಸ್ತೆಯ ಮೇಲೆ. ಮಗಳು ಹಿಂದೆ ನಡುವಿನ ಸೀಟಿನಲ್ಲಿ, ಎರಡು ಸೀಟಿನ ಸಂದಿಯಲ್ಲಿ ಮುಂದಿನ ರಸ್ತೆ ಕಾಣುವ ಹಾಗೆ, ತಲೆ ಅಜ್ಜಿಯ ಭುಜಕ್ಕೆ ಆನಿಸಿ. ಬಸ್ಸಿನಲ್ಲಾದರೆ ಇದೇ ಲೆಕ್ಕದಲ್ಲಿ ಮುಂದಿನ ಚಕ್ರ ಹಿಂದಿನ ಚಕ್ರದ ನಡುವಿನ ಸೀಟು ಹಿಡಿಯಿರಿ, ಹಿಂದಿನ ಚಕ್ರ ದಾಟಿದ ಕೊನೆಯ ಸಾಲು ಪುಕ್ಕಟೆ ಕೊಟ್ಟರೂ ಬೇಡ.

ಸಾಂಖಳಿ ದಾಟಿ ಕೇರಿಯಿಂದ ಹತ್ತಲು ಶುರು. ನಾನು ಮೊದಲ ಸಲ ಚೋರ್ಲಾ ಘಾಟನ್ನು ಕಣ್ಣು ಬಿಟ್ಟು ನೋಡಿದೆ. ಕಾಡು ಇಷ್ಟು ದಟ್ಟ ಅಂತ ಗೊತ್ತೇ ಇರಲಿಲ್ಲ. ಕಣಕುಂಬಿ ಬರುವ ಹೊತ್ತಿಗೆ ಮಗಳು ನಿದ್ದೆಯಲ್ಲಿದ್ದಳು, ಜಾಂಬೋಟಿಯಲ್ಲಿ ನಾನೂ. ಬೆಳಗಾವಿಯಲ್ಲಿ ಎಬ್ಬಿಸಿ ಕುಂದಾ ಬೇಕಾ ಅಂತ ಮನೆಯವರು ಕೇಳಿದರು. ಘಾಟ್ ಇಳಿದ ಮೇಲೋ ಹತ್ತಿದ ಮೇಲೋ ನನಗೆ ಯಾರೂ ಸಿಹಿ ಬೇಕಾ ಅಂತ ಕೇಳಿದ್ದೇ ಇಲ್ಲ.

ಕನ್ನಡಕಕ್ಕೆ ಐದರಲ್ಲಿ ಎರಡು. ಉಪಾಯಕ್ಕೆ ಒಂದೂವರೆ, ಮಗಳು ಅದನ್ನು ಹಾಕಿಕೊಂಡು ವಾಸ್ಕೋದ ಓಣಿಯ ಮಕ್ಕಳನ್ನೆಲ್ಲ ನಗಿಸಿದ್ದಕ್ಕೆ ಅರ್ಧ. ಸೋರಿದ್ದರ ಫೋಟೋ ಕಳಿಸಿ ಮಾರಿದವರಿಗೆ ಬರೆದೆ. ಬದಲಿ ಕೊಡುತ್ತೇವೆ, ಹಳೆಯದನ್ನು ಮೂಲ ಪ್ಯಾಕಿಂಗ್ ಸಮೇತ ವಾಪಸ್ ಮಾಡಿ ಅಂದರು. ಮೂಲ ಪ್ಯಾಕಿಂಗ್‌ನಲ್ಲಿ ಅತ್ತೆಯವರು ಚೂಡಾ ತುಂಬಿಕೊಂಡು ಧಾರವಾಡಕ್ಕೆ ಇಳಿದಿದ್ದಾರೆ. ಆ ವಿಷಯ ಅಲ್ಲಿಗೆ ಬಿಟ್ಟೆ.

ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲಗಳನ್ನು ಯಾವ ಮದ್ದು ಇದ್ದರೂ ಬಿಡಬೇಡಿ, ತೆಳು ಕ್ಯಾರಿಬ್ಯಾಗ್ ತೂತು ಬಿದ್ದಿರುವುದು ಗೊತ್ತಾಗುವುದು ತಪ್ಪು ಹೊತ್ತಿನಲ್ಲಿ. ನಾನು ಹೊರಡುವಾಗ ಆರು ಇಟ್ಟುಕೊಂಡಿದ್ದೆ. ಎರಡು ಆಂಬೋಲಿಯಲ್ಲಿ ಹೋದವು. ಮೂರು ಹಾಗೇ ವಾಪಸ್ ಬಂದವು. ಇನ್ನೊಂದರಲ್ಲಿ ದೊಡ್ಡಮ್ಮ ಅರ್ಧ ಕಿಲೋ ಆಮಸೂಲ ತುಂಬಿ ಕೊಟ್ಟಿದ್ದರು.